ಒಂದು ಕಪ್ಪು ಟೀ ಶರ್ಟ್, ನಾಲ್ಕು ಅಂಗಡಿ, ಏಳು ತಿಂಗಳ ಒಗೆತ

ಹೋದ ಯುಗಾದಿ ಹೊತ್ತಿಗೆ ಮಗನಿಗೆ ಒಂದು ಕಪ್ಪು ಟೀ ಶರ್ಟ್ ಬೇಕಿತ್ತು, ಸ್ಕೂಲಿನ ಡ್ಯಾನ್ಸಿಗೆ. ಒಂದೇ ಒಂದು. ಅದು ನಾಲ್ಕಾಗಿದ್ದು ಮನೆಯವರ ಜಗಳದಿಂದ. ನಮ್ಮ ಯಜಮಾನರು ಮೇನ್ ರೋಡಿನ ಎಸಿ ಅಂಗಡಿಗೆ ಹೋಗೋಣ ಅಂದರು, ಅಲ್ಲಿ 199ಕ್ಕೆ ಸಿಗುತ್ತೆ, ಹತ್ತು ನಿಮಿಷದ ಕೆಲಸ. ಅತ್ತೆ ಚಿಕ್ಕಪೇಟೆ ಅಂದರು, ಅವರಿಗೆ ಚಿಕ್ಕಪೇಟೆ ಬಿಟ್ಟರೆ ಬಟ್ಟೆ ಬೇರೆಲ್ಲೂ ಸಿಗಲ್ಲ. ನನ್ನ ಫೋನಿನಲ್ಲಿ ಇನ್ನೊಂದು ದೊಡ್ಡ ಫ್ಯಾಮಿಲಿ ಅಂಗಡಿಯ ಕೂಪನ್ ಕೂತಿತ್ತು. ಇದೆಲ್ಲ ಕೇಳಿಸಿಕೊಳ್ಳುತ್ತಾ ಕಾಫಿ ಕುಡೀತಿದ್ದ ನಮ್ಮ ಅತ್ತಿಗೆ (ಅಣ್ಣನ ಹೆಂಡತಿ, ಬೊಮ್ಮನಹಳ್ಳಿ ಕಡೆ ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಮಾಡಿದವರು) ಲೋಟ ಕೆಳಗಿಟ್ಟು, "ಎಕ್ಸ್‌ಪೋರ್ಟ್‌ನಲ್ಲಿ ಉಳಿದ ಬಟ್ಟೆ ಮಾರೋ ಸರ್‌ಪ್ಲಸ್ ಅಂಗಡಿ ಇರುವಾಗ ಅಲ್ಲೆಲ್ಲ ಯಾಕೆ ದುಡ್ಡು ಸುರೀತೀಯ?" ಅಂದರು.

ಸರಿ, ನಾಲ್ಕು ಕಡೆಯೂ ಒಂದೊಂದು ತಗೊಳ್ಳೋಣ, ಒಗೆದು ನೋಡೋಣ ಅಂದೆ. ಜೊತೆಗೆ ನನಗೂ ಒಂದೊಂದು ಕುರ್ತಿ. ದೀಪಾವಳಿವರೆಗೆ ಏಳು ತಿಂಗಳು ಹಾಕಿ, ಒಗೆದು, ಒಣಗಿಸಿ ಕಂಡಿದ್ದನ್ನು ಬರೆಯುತ್ತಿದ್ದೇನೆ. ಅಂಗಡಿಗಳ ಹೆಸರು ಬರೆಯಲ್ಲ. ಒಂದೇ ಕಂಪನಿಯ ಎರಡು ಬ್ರಾಂಚಿನಲ್ಲಿ ಎರಡು ಥರದ ಮಾಲು ಇರುತ್ತೆ, ನನ್ನ ಒಂದು ಬಟ್ಟೆ ಕೆಟ್ಟಿತು ಅಂತ ಊರಿಗೆಲ್ಲ ಸಾರುವುದು ನ್ಯಾಯ ಅಲ್ಲ.

ಮೊದಲು ಎಸಿ ಅಂಗಡಿ. ಈ ಥರದವು ಈಗ ಎಲ್ಲ ಬಡಾವಣೆಗೂ ಬಂದಿವೆ. ಟಾಟಾದವರ ಜುಡಿಯೋ, ರಿಲಯನ್ಸ್‌ನ ಯೂಸ್ಟಾ, ಶಾಪರ್ಸ್ ಸ್ಟಾಪ್‌ನ ಇಂಟ್ಯೂನ್, ಇನ್ನೂ ಏನೇನೋ. ಯೂಸ್ಟಾ, ಇಂಟ್ಯೂನ್ ಎರಡೂ ಶುರುವಾಗಿದ್ದು 2023ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಇವುಗಳ ಲೆಕ್ಕ ಸರಳ: ಬಟ್ಟೆ ಬಹುಪಾಲು ತಮ್ಮದೇ ಹೆಸರಿನದು, ಬೇರೆ ಬ್ರ್ಯಾಂಡಿಗೆ ಪಾಲು ಕೊಡುವಂತಿಲ್ಲ, ಬೆಲೆ ಮೊದಲೇ ಕಡಿಮೆ. ಸುಮ್ನೆ ಒಂದು ಹಳೇ ವಿಷಯ ನೆನಪಾಯಿತು. ಜುಡಿಯೋ ನಡೆಸುವ ಟ್ರೆಂಟ್ ಕಂಪನಿ 1998ರಲ್ಲಿ ಈ ವ್ಯಾಪಾರಕ್ಕೆ ಇಳಿದಿದ್ದೇ ನಮ್ಮ ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಅಂಗಡಿಯನ್ನು ಕೊಂಡು. ಅದಕ್ಕೇ ವೆಸ್ಟ್‌ಸೈಡ್ ಅಂತ ಹೆಸರಿಟ್ಟಿದ್ದು.

ನಾವು ಹೋಗಿದ್ದು ಭಾನುವಾರ ಸಂಜೆ, ಅದು ಮೊದಲ ತಪ್ಪು. ಟ್ರಯಲ್ ರೂಮಿನ ಮುಂದೆ ರೇಷನ್ ಅಂಗಡಿ ಮುಂದಿನಂಥ ಕ್ಯೂ. ಆದರೂ ಒಂದು ಮಾತು ಒಪ್ಪಬೇಕು, ಅಲ್ಲಿ ಯಾರೂ ಬೆನ್ನ ಹಿಂದೆ ಬರಲ್ಲ. ಮುಟ್ಟು, ಬಿಚ್ಚು, ಹಾಕಿ ನೋಡು, ವಾಪಸ್ ಇಡು, ಯಾರೂ ಮುಖ ಗಂಟು ಹಾಕಲ್ಲ. ಕಾಲೇಜು ಹುಡುಗಿಯರು ಅಲ್ಲಿ ಯಾಕೆ ತುಂಬಿರುತ್ತಾರೆ ಅಂತ ನನಗೆ ಅವತ್ತು ಅರ್ಥ ಆಯಿತು. ಐನೂರು ರೂಪಾಯಿ ಇಟ್ಟುಕೊಂಡು ರಾಣಿ ಥರ ಓಡಾಡಬಹುದು. ಟೀ ಶರ್ಟ್ 199, ರೇಯಾನ್ ಕುರ್ತಿ 399. ಬಿಲ್ಲಿಂಗ್‌ನಲ್ಲಿ ಚೀಲಕ್ಕೆ ಬೇರೆ ದುಡ್ಡು, ಆದ್ದರಿಂದ ಮನೆಯಿಂದ ಒಂದು ಬ್ಯಾಗ್ ಹಿಡಿದು ಹೋಗಿ.

ಟೀ ಶರ್ಟ್ ಮನೆಗೆ ಬಂದಾಗ ನೋಡಲು ತುಂಬಾ ಚೆನ್ನಾಗಿತ್ತು. ನಾಲ್ಕರಲ್ಲಿ ಎಲ್ಲಕ್ಕಿಂತ ಚೆಂದ ಅದೇ, ಕತ್ತು, ತೋಳು ಎಲ್ಲ ಈಗಿನ ಫ್ಯಾಷನ್ನಿನದು. ಮೂರನೇ ಒಗೆತಕ್ಕೆ ಪಕ್ಕದ ಹೊಲಿಗೆ ತಿರುಗಿಕೊಂಡು ಹೊಕ್ಕಳ ಕಡೆಗೆ ನಡೆದುಬಂತು. ಒಂದು ಕಡೆ ಅಂಚು ಮುಂದೆ, ಇನ್ನೊಂದು ಕಡೆ ಹಿಂದೆ. ಮಗ ಕನ್ನಡಿ ಮುಂದೆ ನಿಂತು ಎಳೆದೂ ಎಳೆದೂ ಸರಿಮಾಡುತ್ತಿದ್ದ, ಬಿಟ್ಟ ಕೂಡಲೇ ಮತ್ತೆ ಸೊಟ್ಟ. ಅತ್ತಿಗೆ ಅದನ್ನು ಹಾಸಿಗೆ ಮೇಲೆ ಹರಡಿ ವಿವರಿಸಿದರು. ಟೀ ಶರ್ಟಿನ ಬಟ್ಟೆ ನೇಯ್ದಿದ್ದಲ್ಲ, ಸ್ವೆಟರಿನ ಥರ ಹೆಣೆದಿದ್ದು. ನೂಲಿಗೆ ಒಂದು ಹುರಿ ಇರುತ್ತೆ. ಒದ್ದೆಯಾದಾಗ ಆ ಹುರಿ ಬಿಚ್ಚಿಕೊಳ್ಳಲು ನೋಡುತ್ತೆ, ಜೊತೆಗೆ ಬಟ್ಟೆಯನ್ನೂ ತಿರುಗಿಸುತ್ತೆ. ಕಟ್ಟಿಂಗ್‌ಗೆ ಮುಂಚೆ ಬಟ್ಟೆಯನ್ನು ಬಿಡಿಸಿ ಹರಡಿ, ಒಂದಷ್ಟು ಹೊತ್ತು ಸಡಿಲ ಬಿಟ್ಟು ಆಮೇಲೆ ಕತ್ತರಿಸಿದರೆ ಈ ಕಾಟ ಕಡಿಮೆ. "ಟಾರ್ಗೆಟ್ ಟಾರ್ಗೆಟ್ ಅಂತ ತಲೆ ಮೇಲೆ ನಿಂತರೆ ಯಾರು ಕಾಯ್ತಾರೆ ಹೇಳು?" ಅಂದರು.

ಆ ಮೇಲೆ ಅವರು ನಾಲ್ಕೂ ಟೀ ಶರ್ಟನ್ನು ನಮ್ಮ ಅಡುಗೆಮನೆ ತಕ್ಕಡಿ ಮೇಲೆ ಇಟ್ಟರು, ನಾನು ಕೇಕಿನ ಮೈದಾ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ. ನನಗೆ ನಗು. ಆದರೆ ನೋಡಿ: ಎಸಿ ಅಂಗಡಿಯದು 108 ಗ್ರಾಂ, ಹೆಚ್ಚು ಕಡಿಮೆ ಅದೇ ಅಳತೆಯ ಸರ್‌ಪ್ಲಸ್ ಅಂಗಡಿಯದು 146. ಇದು ಇಡೀ ಶರ್ಟಿನ ತೂಕ. ಗಾರ್ಮೆಂಟ್ಸ್‌ನವರು ನೋಡುವುದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ. ಟೀ ಶರ್ಟಿಗೆ 160ರಿಂದ 180 ಜಿಎಸ್‌ಎಂ ಇದ್ದರೆ ಒಳ್ಳೇದು. ತೂಕ ಒಂದನ್ನೇ ನಂಬಬೇಡಿ ಅಂತಲೂ ಅಂದರು, ಪಾಲಿಯೆಸ್ಟರ್ ಬೆರೆಸಿಯೂ ತೂಕ ಬರಿಸಬಹುದು. ಅಂಗಡಿಗೆ ತಕ್ಕಡಿ ಒಯ್ಯಕ್ಕಾಗಲ್ಲ ಬಿಡಿ. ಬಟ್ಟೆಯೊಳಗೆ ಕೈ ಇಟ್ಟು ಟ್ಯೂಬ್‌ಲೈಟಿಗೆ ಹಿಡಿಯಿರಿ, ಬೆರಳು ಎಣಿಸುವಷ್ಟು ಕಂಡರೆ ಮಳೆಗಾಲ ದಾಟಲ್ಲ.

ಕೂಪನ್ ಅಂಗಡಿ ಕಥೆ ಬೇರೆ. ಬಟ್ಟೆ ವಿಷಯದಲ್ಲಿ ನನಗೆ ದೂರಿಲ್ಲ, 499ರ ಟೀ ಶರ್ಟ್ ಎರಡಕ್ಕೆ 599 ಅಂತ ಬಿತ್ತು, ಅಂದರೆ ಒಂದಕ್ಕೆ 300. ಏಳು ತಿಂಗಳಾದ ಮೇಲೂ ಕತ್ತಿನ ರಿಬ್ (ಹಿಗ್ಗುವ ಪಟ್ಟಿ) ಸಡಿಲವಾಗಿಲ್ಲ, ಬಣ್ಣ ಸ್ವಲ್ಪ ಮಾಸಿದೆ ಅಷ್ಟೆ. ನನ್ನ ಕಾಟನ್ ಕುರ್ತಿಯೂ ಗಟ್ಟಿ. ಅಳತೆ ಸರಿ ಇಲ್ಲ ಅಂತ ಒಂದನ್ನು ವಾಪಸ್ ಒಯ್ದಾಗ ಮರುಮಾತಿಲ್ಲದೆ ಬದಲಿಸಿಕೊಟ್ಟರು. ದುಡ್ಡು ಹೋಗಿದ್ದು ಬೇರೆ ದಾರಿಯಲ್ಲಿ. ನನಗೆ ಬೇಕಾಗಿದ್ದೆಲ್ಲ ಸೇರಿ 2,380 ಆಗಿತ್ತು. 2,999 ದಾಟಿದರೆ 500 ರೂಪಾಯಿ ಉಳಿಯುತ್ತೆ ಅಂತ ಬೋರ್ಡು. ಬೇಡದ ಒಂದು ನೈಟ್ ಡ್ರೆಸ್ 640 ಕೊಟ್ಟು ಎತ್ತಿಕೊಂಡೆ, 3,020 ಆಯಿತು. ಕೌಂಟರ್‌ನಲ್ಲಿ ಗೊತ್ತಾಯಿತು, ಆ 500 ಇವತ್ತಿನ ಬಿಲ್ಲಿಗಲ್ಲ. ಮುಂದಿನ ತಿಂಗಳು ಹತ್ತೇ ಹತ್ತು ದಿನ, ಅದೂ ಕನಿಷ್ಠ 1,500ರ ಮಾಲು ತಗೊಂಡರೆ. ಬೋರ್ಡಿನ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತಂತೆ. ಹನ್ನೊಂದನೇ ದಿನ ಕೂಪನ್ ನೆನಪಾಯಿತು ಅಂತ ಬೇರೆ ಹೇಳಬೇಕಾ? ಆ ನೈಟ್ ಡ್ರೆಸ್ ಅತ್ತೆ ಹಾಕುತ್ತಿದ್ದಾರೆ, ಒಗೆದಷ್ಟೂ ಮೆತ್ತಗಾಗುತ್ತೆ ಅಂತ ಖುಷಿಯಾಗಿದ್ದಾರೆ.

ಇಲ್ಲೇ ಜಿಎಸ್‌ಟಿ ವಿಷಯ ಹೇಳಿಬಿಡುತ್ತೇನೆ, ತುಂಬಾ ಜನ ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ 5 ಪರ್ಸೆಂಟ್ ಆಗಿದೆ. ಆದರೆ ಸಾವಿರದ ಒಳಗಿನ ಬಟ್ಟೆಗೆ ಮೊದಲೂ 5 ಪರ್ಸೆಂಟೇ ಇತ್ತು. ಆದ್ದರಿಂದ ನಮ್ಮ 199, 399ರ ಮಾಲಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಚಿಕ್ಕಪೇಟೆಗೆ ಮೆಟ್ರೋದಲ್ಲಿ ಹೋದೆವು, ಗ್ರೀನ್ ಲೈನ್ ಸ್ಟೇಷನ್ ಪೇಟೆ ಹೊಟ್ಟೆಯಲ್ಲೇ ಇದೆ, ಗಾಡಿ ತಗೊಂಡು ಹೋಗುವ ಹುಚ್ಚು ಸಾಹಸ ಬೇಡ. ಅಲ್ಲಿ ಒಂದು ಟೀ ಶರ್ಟ್ ಕೇಳಿದರೆ ಹೋಲ್‌ಸೇಲ್ ಅಂಗಡಿಯವರು ತಲೆ ಎತ್ತಿ ನೋಡಲ್ಲ. ಅತ್ತೆ ಮೂರು ತಗೊಳ್ತೀವಿ ಅಂದಾಗ ಪೀಸಿಗೆ 160 ಅಂದ, ಚೌಕಾಸಿ ಮಾಡಿ 120ಕ್ಕೆ ಇಳಿಸಿದರು. ಅತ್ತೆಯ ಚೌಕಾಸಿ ನೋಡುವುದೇ ಒಂದು ಆಟ. ಬೆಲೆ ಕೇಳಿ, ಏನೂ ಮಾತಾಡದೆ, ಎದ್ದು ಚಪ್ಪಲಿ ಹುಡುಕುತ್ತಾರೆ. "ಕೂತ್ಕೊಳಿ ಅಮ್ಮ, ಕೂತ್ಕೊಳಿ" ಅಂತ ಅವನೇ ಕರೆಯುವವರೆಗೂ ಚಪ್ಪಲಿ ಸಿಗುವುದೇ ಇಲ್ಲ.

ಟೀ ಶರ್ಟ್ ಪರವಾಗಿಲ್ಲ. ಎರಡು ತಿಂಗಳಲ್ಲಿ ಮೈ ತುಂಬಾ ಸಣ್ಣ ಸಣ್ಣ ಗಂಟು ಎದ್ದಿತು, ಪಾಲಿಯೆಸ್ಟರ್ ಮಿಕ್ಸ್‌ನ ಗುಣ ಅದು, ಆದರೆ 120 ರೂಪಾಯಿಗೆ ಆಟಕ್ಕೆ ಹಾಕುವ ಬಟ್ಟೆಯಾಗಿ ಈಗಲೂ ಓಡುತ್ತಿದೆ. ಕುರ್ತಿ ಮಾತ್ರ ಕೈಕೊಟ್ಟಿತು. 280 ರೂಪಾಯಿಯ ಕಡುನೀಲಿ ಕಾಟನ್. ಮೊದಲ ಒಗೆತಕ್ಕೆ ಬಕೆಟ್ ನೀರು ಶಾಯಿ ದೌತಿಯಂತಾಯಿತು. ಉಪ್ಪು ನೀರಲ್ಲಿ ನೆನೆಸು ಅಂದರು, ನೆನೆಸಿದೆ, ಉಪ್ಪು ಖರ್ಚಾಯಿತು, ಬಣ್ಣ ಬಿಡುವುದು ನಿಲ್ಲಲಿಲ್ಲ. ಯಜಮಾನರ ಬಿಳಿ ಬನಿಯನ್ ಎರಡು ಈಗ ಆಕಾಶದ ಬಣ್ಣ. ಈಗ ನಾನು ಪರ್ಸಿನಲ್ಲಿ ಒಂದು ಬಿಳಿ ಕರ್ಚೀಫ್ ಇಟ್ಟಿರುತ್ತೇನೆ. ತುದಿ ಒದ್ದೆ ಮಾಡಿ ಬಟ್ಟೆಯ ಒಳಮಗ್ಗುಲಿಗೆ ಉಜ್ಜಿದರೆ ಅಂಗಡಿಯಲ್ಲೇ ಬಟ್ಟೆಯ ಬಣ್ಣ ಬಯಲಾಗುತ್ತೆ. ಅಂಗಡಿಯವನು ಗುರಾಯಿಸುತ್ತಾನೆ, ಗುರಾಯಿಸಲಿ. ಅಂದ ಹಾಗೆ ನೈಟಿ, ಲಂಗ, ಟವಲ್, ಲುಂಗಿ, ಬೆಡ್‌ಶೀಟ್ ಇವಕ್ಕೆಲ್ಲ ನಾನು ಈಗಲೂ ಚಿಕ್ಕಪೇಟೆಗೇ ಹೋಗುವುದು. ಅದರಲ್ಲಿ ಅತ್ತೆ ಮಾತು ಸುಳ್ಳಾಗಿಲ್ಲ.

ಇನ್ನು ಅತ್ತಿಗೆಯ ಸರ್‌ಪ್ಲಸ್ ಅಂಗಡಿ. ಬೋರ್ಡಿನಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂತ ಇರುತ್ತೆ, ಒಳಗೆ ಫ್ಯಾನ್ ಒಂದು, ಟ್ರಯಲ್ ರೂಮ್ ಇಲ್ಲ, ಕನ್ನಡಿ ಬಿರುಕು, ಬಟ್ಟೆ ಎಲ್ಲ ರಾಶಿ. ಹೊರದೇಶದ ಆರ್ಡರಿಗೆ ಫ್ಯಾಕ್ಟರಿಯವರು ಒಂದಷ್ಟು ಹಾಳಾಗಬಹುದು ಅಂತ ಸ್ವಲ್ಪ ಜಾಸ್ತಿಯೇ ಕತ್ತರಿಸುತ್ತಾರೆ. ಅದರಲ್ಲಿ ಉಳಿದಿದ್ದು, ಆರ್ಡರ್ ಕ್ಯಾನ್ಸಲ್ ಆಗಿದ್ದು, ರಿಜೆಕ್ಟ್ ಆಗಿದ್ದು ಎಲ್ಲ ಇಲ್ಲಿಗೆ ಬರುತ್ತೆ. ಕತ್ತಿನ ಹಿಂದಿನ ಲೇಬಲ್ಲನ್ನು ಕತ್ತರಿಸಿರುತ್ತಾರೆ ಅಥವಾ ಮಾರ್ಕರ್‌ನಲ್ಲಿ ಗೀಚಿರುತ್ತಾರೆ. ಕೆಲವು ಕಡೆ ಸುಮ್ನೆ ಲೋಕಲ್ ಮಾಲಿಗೂ ಲೇಬಲ್ ಕತ್ತರಿಸಿ ಸರ್‌ಪ್ಲಸ್ ಅಂತ ಮಾರುತ್ತಾರೆ, ಅದೂ ಗೊತ್ತಿರಲಿ.

ಅತ್ತಿಗೆ ಬಟ್ಟೆ ಎತ್ತಿಕೊಂಡರೆ ಮೊದಲು ಮಾಡುವುದು ಅದನ್ನು ಒಳಗು ಹೊರಗು ಮಾಡುವುದು. ಡಿಸೈನ್ ನೋಡುವುದೇ ಇಲ್ಲ. ಓವರ್‌ಲಾಕ್ (ಅಂಚು ಬಿಚ್ಚದ ಹಾಗೆ ಹಾಕುವ ಒಳಗಿನ ಹೊಲಿಗೆ) ಮೇಲೆ ಹೆಬ್ಬೆರಳು ಓಡಿಸಿ, ಹೊಲಿಗೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ನಡುವೆ ನೂಲಿನ ಏಣಿ ಕಂಡರೆ ಅದು ರಾಶಿಗೆ ವಾಪಸ್. ಆಮೇಲೆ ಎರಡು ಭುಜ ಸೇರಿಸಿ ಮಡಚಿ ಪಕ್ಕದ ಹೊಲಿಗೆ ನೆಟ್ಟಗೆ ಬೀಳುತ್ತಾ ನೋಡುತ್ತಾರೆ. ನಾಲ್ಕು ಸೆಕೆಂಡು ಒಂದು ಪೀಸಿಗೆ. ನಾನು ಒಂದು ಚಂದದ ಹಳದಿ ಟಾಪ್ ತೋರಿಸಿದೆ. ತೋಳಿನ ಕೆಳಗೆ ಕಡಲೆಬೇಳೆಯಷ್ಟು ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿತ್ತು, ನನಗೆ ಕಂಡೇ ಇರಲಿಲ್ಲ. ಬಾಣ ತೋರಿಸಿದ ಕಡೆ ಸೂಜಿ ಹೊಡೆದ ಎರಡು ಸಣ್ಣ ತೂತು. "ಚೆಕ್ಕಿಂಗ್‌ನವರು ತಪ್ಪು ಇರೋ ಕಡೆ ಇದನ್ನ ಅಂಟಿಸ್ತೀವಿ. ದಿನಕ್ಕೆ ಎಷ್ಟು ಅಂಟಿಸಿದ್ದೀನೋ" ಅಂತ ಆ ಸ್ಟಿಕ್ಕರನ್ನು ಉಗುರಲ್ಲಿ ಕಿತ್ತು, ಒಂದು ಗಳಿಗೆ ಬೆರಳ ತುದಿಯಲ್ಲೇ ಇಟ್ಟುಕೊಂಡು ನೋಡಿದರು. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ಪೂರ್ತಿ ತೆಗೆಯಲು ಬಿಡದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರೋಡಿಗೆ ಇಳಿದಿದ್ದರಲ್ಲ, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತಲ್ಲ, ಆ ಗುಂಪಿನಲ್ಲಿ ಇವರೂ ಇದ್ದರು.

ಅಲ್ಲಿ ಟೀ ಶರ್ಟ್ 150. ಏಳು ತಿಂಗಳಲ್ಲಿ ವಾರಕ್ಕೆ ಒಂದು ಸಲವಾದರೂ ಒಗೆದಿದ್ದೇನೆ. ತಿರುಗಿಲ್ಲ, ಗಂಟು ಎದ್ದಿಲ್ಲ, ಕಪ್ಪು ಇನ್ನೂ ಕಪ್ಪಾಗೇ ಇದೆ. ಕುರ್ತಿ ಮಾತ್ರ ಸಿಗಲಿಲ್ಲ, ಹೊರದೇಶಕ್ಕೆ ಹೊಲಿಯುವ ಕಡೆ ಕುರ್ತಿ ಎಲ್ಲಿಂದ ಬರಬೇಕು? 200 ರೂಪಾಯಿಗೆ ಒಂದು ಉದ್ದ ತೋಳಿನ ಕಾಟನ್ ಶರ್ಟ್ ಸಿಕ್ಕಿತು, ಅದನ್ನೇ ಲೆಗ್ಗಿಂಗ್ಸ್ ಮೇಲೆ ಆಫೀಸಿಗೆ ಹಾಕುತ್ತೇನೆ. ಕಷ್ಟ ಏನಂದ್ರೆ, ಒಂದು ಟೀ ಶರ್ಟಿಗೆ ಒಂದೂಕಾಲು ಗಂಟೆ ಹುಡುಕಿದ್ದೇವೆ. ಬೇಕಾದ ಬಣ್ಣ ಇದ್ದರೆ ಅಳತೆ ಇಲ್ಲ, ಅಳತೆ ಇದ್ದರೆ ಒಂದು ಗುಂಡಿ ಇಲ್ಲ. ವಾಪಸ್ ತಗೊಳ್ಳಲ್ಲ. ಅತ್ತಿಗೆ ಇಲ್ಲದೆ ನಾನೊಬ್ಬಳೇ ಇನ್ನೊಂದು ಸಲ ಹೋಗಿ ತಂದ ಜೀನ್ಸಿನ ಒಂದು ಕಾಲು ಇನ್ನೊಂದಕ್ಕಿಂತ ಒಂದಿಂಚು ಉದ್ದ.

ಹಾಗಾದರೆ ಯಾವುದಕ್ಕೆ ಹೋಗ್ತೀಯ ಅಂತ ಕೇಳಿದರೆ, ಮಕ್ಕಳ ಬಟ್ಟೆಗೆ ನನ್ನ ಓಟು ಸರ್‌ಪ್ಲಸ್ ಅಂಗಡಿಗೆ, ಎರಡು ಮಾತಿಲ್ಲ. ಆಫೀಸಿನ ಕುರ್ತಿಗೆ ಕೂಪನ್ ಅಂಗಡಿ, ಆದರೆ ಕೂಪನ್ ಮನೇಲಿ ಬಿಟ್ಟು. ಎಸಿ ಅಂಗಡಿಗೆ ಒಂದೆರಡು ಸಲ ಹಾಕಿ ಫೋಟೋ ತೆಗೆಸಿಕೊಳ್ಳುವ ಬಟ್ಟೆ ಬೇಕಾದಾಗ, ಅದೂ ಮಂಗಳವಾರ ಬೆಳಗ್ಗೆ. ಅಲ್ಲಿನ ರೇಯಾನ್ ಕುರ್ತಿ ಮೊದಲ ಒಗೆತಕ್ಕೆ ಎರಡಿಂಚು ಕುಗ್ಗಿತು ಅಂತ ಮೊದಲೇ ಹೇಳುವುದು ಮರೆತೆ, ರೇಯಾನ್ ತಗೊಂಡರೆ ಒಂದು ಸೈಜ್ ದೊಡ್ಡದು ತಗೊಳ್ಳಿ, ಒದ್ದೆ ಇರುವಾಗ ಹಿಂಡಬೇಡಿ, ನೀರು ಕುಡಿದ ರೇಯಾನಿಗೆ ಬಲ ಇರಲ್ಲ.

ಸರ್‌ಪ್ಲಸ್ ಅಂಗಡಿಯಲ್ಲಿ ಮಕ್ಕಳ ಬಟ್ಟೆ ಮೇಲೆ 128, 140, 146 ಅಂತ ನಂಬರ್ ಇರುತ್ತೆ. ನಾನು ಮೊದಲು ಬೆಲೆ ಅಂದುಕೊಂಡು, "ಅಣ್ಣ, 146 ರೂಪಾಯಿ ಅಂತ ಇದೆ, 150 ಯಾಕೆ ಕೇಳ್ತೀರ?" ಅಂತ ಜಗಳಕ್ಕೆ ನಿಂತಿದ್ದೆ. ಅದು ಯುರೋಪಿನ ಅಳತೆ, ಮಗುವಿನ ಎತ್ತರ ಸೆಂಟಿಮೀಟರಿನಲ್ಲಿ. ವಯಸ್ಸು ನೋಡಿ ತರುವುದಕ್ಕಿಂತ ಇದೇ ಸಲೀಸು. ಈ ಶನಿವಾರ ಮತ್ತೆ ಹೋಗುವುದಿದೆ, ಅತ್ತಿಗೆಗೆ ಫೋನ್ ಮಾಡಿಯಾಗಿದೆ. ಬೆಳಗ್ಗೆ ಮಗನನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲಲ್ಲಿ ಗೆರೆ ಎಳೆದೆ. 141. 146ರದ್ದು ಸಿಕ್ಕಿದರೆ ಮುಂದಿನ ಯುಗಾದಿಗೂ ಬರುತ್ತೆ.