ಡ್ಯಾಶ್‌ಕ್ಯಾಮ್: 4,000ದ್ದೋ, 20,000ದ್ದೋ?

ಕಾರಿನ ಮುಂಗಾಜಿಗೆ ಅಂಟಿಸಿ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾವೇ ಡ್ಯಾಶ್‌ಕ್ಯಾಮ್. 4,000 ರೂಪಾಯಿಯದರ ಮತ್ತು 20,000 ರೂಪಾಯಿಯದರ ಹಗಲಿನ ವಿಡಿಯೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ದುಬಾರಿ ಕ್ಯಾಮೆರಾಕ್ಕೆ ಕೊಟ್ಟ ಹಣ ದಂಡ ಎನಿಸುತ್ತದೆ. ಬಣ್ಣ ಬಯಲಾಗುವುದು ರಾತ್ರಿ. ಹೆಡ್‌ಲೈಟ್ ಬೆಳಕು ಬಿದ್ದೊಡನೆ ಅಗ್ಗದ 1080ಪಿ ಕ್ಯಾಮೆರಾದಲ್ಲಿ ಮುಂದಿನ ಕಾರಿನ ನಂಬರ್ ಪ್ಲೇಟ್ ಬರೀ ಬಿಳಿ ಪಟ್ಟಿಯಾಗುತ್ತದೆ. ಒಳ್ಳೆಯ ಸೆನ್ಸರ್ ಇರುವ 4ಕೆ ಕ್ಯಾಮೆರಾದಲ್ಲಾದರೆ, ವಿಡಿಯೊ ನಿಲ್ಲಿಸಿ ಹಿಗ್ಗಿಸಿದಾಗ ‘ಕೆಎ’ ಮುಂದಿನ ಅಂಕಿಗಳು ಹಲವು ಸಲ ಸಿಗುತ್ತವೆ. ಪ್ರತಿ ಸಲ ಅಲ್ಲ. ರಭಸದಿಂದ ನುಗ್ಗಿದ ಬೈಕಿನ ಮುಂದೆ 4ಕೆಯೂ ಸೋಲುತ್ತದೆ.

ನಾನಾದರೆ ಮೊದಲು ಕೇಳುವುದು ಬೇರೆ: ಒಳಗಿರುವುದು ಲಿಥಿಯಂ ಬ್ಯಾಟರಿಯೋ, ಅದರ ಬದಲು ಸ್ವಲ್ಪ ವಿದ್ಯುತ್ ಹಿಡಿದಿಡುವ ಕೆಪಾಸಿಟರೋ? ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜಿಗೆ ಅಂಟಿಕೊಂಡ ಬ್ಯಾಟರಿ ಹಪ್ಪಳದಂತೆ ಉಬ್ಬಬಹುದು. ಕೆಪಾಸಿಟರ್ ಆ ಬಿಸಿಯನ್ನು ಹೆಚ್ಚು ತಾಳುತ್ತದೆ, ಅದಕ್ಕೆ 20,000 ಸುರಿಯಲೇಬೇಕೆಂದಿಲ್ಲ.

ಕಾರು ನಿಂತಾಗಲೂ ಕಾವಲು ಕಾಯುವ ಪಾರ್ಕಿಂಗ್ ಮೋಡ್ ರಸ್ತೆಬದಿ ನಿಲ್ಲಿಸುವವರಿಗೆ ಬೇಕು. ಸಾಮಾನ್ಯವಾಗಿ ಅದಕ್ಕೆ ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಸಬೇಕು. ಆ ಖರ್ಚು ಬೇರೆ. ಗೇಟಿನೊಳಗೆ ನಿಲ್ಲಿಸುವವರಿಗೆ ಅದು ಬರೀ ಶೋಕಿ.

ಊರೊಳಗೆ ಹಗಲು ಓಡಾಡುವವರು ಅಗ್ಗದ್ದನ್ನೇ ಕೊಂಡು, ಉಳಿದ ಹಣದಲ್ಲಿ ಹೈ ಎಂಡ್ಯೂರೆನ್ಸ್ ಮೆಮೊರಿ ಕಾರ್ಡ್ ಹಾಕಿಸಲಿ. ಹಳೆಯ ವಿಡಿಯೊ ಅಳಿಸಿ ಹೊಸದನ್ನು ಸದಾ ಬರೆಯುವ ಈ ಕೆಲಸಕ್ಕೆ ಸಾಧಾರಣ ಕಾರ್ಡ್ ಬೇಗ ಸವೆಯುತ್ತದೆ. ವಾರಕ್ಕೊಮ್ಮೆ ರಾತ್ರಿ ಹೆದ್ದಾರಿ ಹಿಡಿಯುವವರಿಗೆ ಮಾತ್ರ ನಾನು ದುಬಾರಿಯದನ್ನು ಹೇಳುತ್ತೇನೆ.