18 ಸಾವಿರದ ಹಳೇ ಕಯಾಕ್ ಮತ್ತು ನಮ್ಮ ಹೊಳೆಯ ಕಾಣೆ ಮೀನು

ನಮ್ಮ ಮನೆ ಕುಂದಾಪುರದಿಂದ ಸ್ವಲ್ಪ ಆಚೆ, ಹೆಮ್ಮಾಡಿ ಕಡೆಗೆ. ಅಂಗಳ ದಾಟಿ ಗದ್ದೆ ಬದಿಯಲ್ಲಿ ಐದು ನಿಮಿಷ ನಡೆದರೆ ಹೊಳೆ. ಮುಂದೆ ಉಪ್ಪಿನಕುದ್ರು, ಅದರಾಚೆ ಪಂಚಗಂಗಾವಳಿ, ಕೊನೆಗೆ ಗಂಗೊಳ್ಳಿ ಅಳಿವೆ. ಚಿಕ್ಕಂದಿನಿಂದ ದಂಡೆ ಮೇಲೆ ಕೂತು ಗಾಳ ಹಾಕಿದವನು ನಾನು. ಎದುರು ದಂಡೆಯ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರ) ಬುಡದಲ್ಲಿ ಕೆಂಬೇರಿ ಮೀನು ಛಳ್ ಎಂದು ಹಾರುವುದನ್ನು ನೋಡುತ್ತಲೇ 46 ವರ್ಷ ಆಯಿತು. ಅಲ್ಲಿಗೆ ಹೋಗಲು ದೋಣಿ ಬೇಕು. ಮರದ ಪಾತಿ ದೋಣಿ ಇಟ್ಟುಕೊಂಡರೆ ಅದಕ್ಕೆ ಎಣ್ಣೆ ಹಚ್ಚಬೇಕು, ಕಟ್ಟಿಹಾಕಬೇಕು, ಮಳೆಗಾಲದಲ್ಲಿ ಎತ್ತಿಡಬೇಕು. ಸೊಸೈಟಿಯಲ್ಲಿ ಗುಮಾಸ್ತನಾಗಿರುವ ನನಗೆ ಸಿಗುವುದು ಭಾನುವಾರ ಮತ್ತು ಎರಡನೇ ಶನಿವಾರ. ಹಾಗಾಗಿ ಕಯಾಕ್, ಹುಟ್ಟು ಹಾಕಿ ನಡೆಸುವ ಸಣ್ಣ ಹಗುರ ದೋಣಿ.

ಕಯಾಕ್ ಅಂದರೆ ಏನು ಎಂದು ಈಗ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಿನಲ್ಲಿ ಬೆಂಗಳೂರಿನವರು ಬಂದು ಕಾಂಡ್ಲಾ ಮಧ್ಯೆ ಹುಟ್ಟು ಹಾಕುತ್ತಾ ಫೋಟೋ ತೆಗೆಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಆದರೆ ಅದರಲ್ಲಿ ಕೂತು ಮೀನು ಹಿಡಿಯುವುದು ಬೇರೆಯೇ ಕಥೆ. ಎರಡು ವರ್ಷದಲ್ಲಿ ನಾನು ಎರಡು ಕಯಾಕ್ ಕೊಂಡೆ. ಒಂದು ಕೈಕೊಟ್ಟಿತು. ಇನ್ನೊಂದು ಈಗ ಕೊಟ್ಟಿಗೆ ಮಾಡಿನ ಕೆಳಗೆ ತೂಗಾಡುತ್ತಿದೆ, ಪ್ರತಿ ಭಾನುವಾರ ಹೊಳೆಗೆ ಇಳಿಯುತ್ತಿದೆ.

ಮೊದಲನೆಯದು ಗಾಳಿ ತುಂಬುವಂಥದ್ದು. ಆನ್‌ಲೈನ್‌ನಲ್ಲಿ ಆಫರ್ ಇತ್ತು, 9,500 ರೂಪಾಯಿ. ಕಂಪನಿ ಹೆಸರು ಬೇಡ. ಬ್ಯಾಗಿನಲ್ಲಿ ಮಡಚಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಬಹುದು ಅನ್ನುವುದೇ ನನಗೆ ದೊಡ್ಡ ಆಕರ್ಷಣೆ. ದಂಡೆಯಲ್ಲಿ ಕೂತು ಹದಿನೈದು ನಿಮಿಷ ಪಂಪು ಹೊಡೆದೆ. ಅಲ್ಲೇ ಬಲೆ ಸರಿ ಮಾಡುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದರು.

"ಹ್ವಾಯ್, ಇದೆಂತ ಮಾರಾಯ್ರೆ, ಮಕ್ಳ್ ಆಡುಕಾ?"

"ಅಲ್ಲ ಅಜ್ಜ, ಮೀನಿಗೆ."

"ಮುಳ್ಳ್ ಚುಚ್ಚಿರೆ ಎಂತ ಮಾಡ್ತ್ರಿ?"

ಮುಳ್ಳು ಚುಚ್ಚಲಿಲ್ಲ. ಗಾಳವೂ ಚುಚ್ಚಲಿಲ್ಲ. ಚುಚ್ಚಿದ್ದು ಕಲ್ಲಿನ ಚಿಪ್ಪು. ನಮ್ಮ ಹೊಳೆಯಲ್ಲಿ ಭರತ (ಕಡಲಿನ ಉಬ್ಬರ) ಇಳಿದಾಗ ದಂಡೆಯ ಕಲ್ಲುಗಳು ಮೇಲೆ ಏಳುತ್ತವೆ. ಅವುಗಳ ಮೈತುಂಬಾ ಅಂಟಿಕೊಂಡ ಚಿಪ್ಪು, ಬ್ಲೇಡಿನಷ್ಟು ಹರಿತ. ನಾಲ್ಕನೇ ಸಲ ಹೋದಾಗ ಹಿಂದಿನ ಕೋಣೆ ಸುಸ್ಸ್ ಎಂದಿತು. ಪುಣ್ಯಕ್ಕೆ ಇಂಥ ಕಯಾಕಿನಲ್ಲಿ ಗಾಳಿಕೋಣೆ ಬೇರೆ ಬೇರೆ ಇರುತ್ತವೆ. ಉಳಿದದ್ದು ತೇಲಿಸಿತು. ಅರ್ಧ ನೀರಿನಲ್ಲಿ ಕೂತು ಹೇಗೋ ದಂಡೆ ಸೇರಿದೆ. ತೇಪೆ ಹಾಕಿದೆ. ಅದು ನಿಂತಿತು, ಆದರೆ ನನ್ನ ಧೈರ್ಯ ನಿಲ್ಲಲಿಲ್ಲ.

ಗಾಳಿ ಕಯಾಕ್ ಅಂದರೆ ಸುಮ್ನೆ ಬೈಯಬೇಕಾಗಿಲ್ಲ. ಮೈಸೂರಿನಲ್ಲಿರುವ ನನ್ನ ಭಾವನ ಹತ್ತಿರ ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಇದೆ. 3.12 ಮೀಟರ್ ಉದ್ದ, 91 ಸೆಂಟಿಮೀಟರ್ ಅಗಲ, 180 ಕೆಜಿ ಹೊರುತ್ತದೆ ಎಂದು ಕಂಪನಿಯೇ ಬರೆದಿದೆ. ಅವನು ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಇರುವವನು. ಗಟ್ಟಿ ಕಯಾಕನ್ನು ಎಲ್ಲಿ ಇಡಬೇಕು ಹೇಳಿ? ಕಲ್ಲು ಚಿಪ್ಪು ಇಲ್ಲದ, ಹರಿವಿಲ್ಲದ ನೀರಿಗೆ, ಅಪರೂಪಕ್ಕೆ ಹೋಗುವವರಿಗೆ ಅದು ಸಾಕು. ಎರಡು ವಿಷಯ ಮಾತ್ರ ನೆನಪಿರಲಿ. ಬೆಳಿಗ್ಗೆ ತುಂಬಾ ಗಟ್ಟಿಯಾಗಿ ಗಾಳಿ ತುಂಬಿ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಮತ್ತೆ, ಅದು ನೀರಿನ ಮೇಲೆ ಎಲೆಯ ಹಾಗೆ ಕೂರುತ್ತದೆ. ನಮ್ಮಲ್ಲಿ ಮಧ್ಯಾಹ್ನ ಕಳೆದ ಮೇಲೆ ಪಡುವಣ ಗಾಳಿ ಎದ್ದರೆ ನೀವು ಹೋಗಬೇಕಾದ ಕಡೆಗಲ್ಲ, ಗಾಳಿ ಹೇಳಿದ ಕಡೆಗೆ ಹೋಗುತ್ತೀರಿ.

ಎರಡನೆಯದು ನಾನು ಹುಡುಕಿದ್ದಲ್ಲ, ತಾನಾಗಿ ಸಿಕ್ಕಿದ್ದು. ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಿದ್ದವರೊಬ್ಬರು ಹಳೆಯ ಕಯಾಕ್‌ಗಳನ್ನು ಮಾರುತ್ತಿದ್ದಾರೆ ಎಂದು ಗೆಳೆಯ ಹೇಳಿದ. ಹೋಗಿ ನೋಡಿದರೆ ಏಳೆಂಟು ಸಾಲಾಗಿ ಮಗುಚಿ ಬಿದ್ದಿದ್ದವು. ಒಂದೇ ಅಚ್ಚಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಮಾಡಿದ ಗಟ್ಟಿ ಕಯಾಕ್, ಒಳಗೆ ಟೊಳ್ಳು. ಒಳಗೆ ಕಾಲು ತೂರಿಸಿ ಕೂರುವಂಥದ್ದಲ್ಲ, ಮೇಲೆ ಕೂರುವಂಥದ್ದು. ಮೀನಿಗೆ ಇದೇ ಬೇಕು. ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಮೇಲೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಹೊಳೆಗೆ ಹೋಗುತ್ತದೆ. ಒಳಗೆ ಕೂರುವ ಕಯಾಕಿಗೆ ನೀರು ನುಗ್ಗಿದರೆ ಹೊಳೆಯ ಮಧ್ಯೆ ಅದನ್ನು ಖಾಲಿ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಹಳೇ ಮಾಲು ಕೊಳ್ಳುವಾಗ ನಾನು ಒಂದೂವರೆ ಗಂಟೆ ತೆಗೆದುಕೊಂಡೆ. ಮಾರುವವರಿಗೆ ತಲೆಬಿಸಿ ಆದದ್ದು ಮುಖದಲ್ಲೇ ಕಾಣುತ್ತಿತ್ತು. ಮೊದಲು ನೋಡಿದ್ದು ಹಿಂದಿನ ತಳ. ಬಾಡಿಗೆ ಕಯಾಕನ್ನು ದಿನಾ ಹೊಯಿಗೆ (ಮರಳು) ಮೇಲೆ ಎಳೆಯುತ್ತಾರೆ, ಸವೆಯುವುದು ಅಲ್ಲೇ. ಹೆಬ್ಬೆರಳಿನಿಂದ ಒತ್ತಿದೆ. ಎರಡರಲ್ಲಿ ತಳ ಹಪ್ಪಳದ ಹಾಗೆ ಒಳಗೆ ಹೋಯಿತು, ಅವನ್ನು ಬಿಟ್ಟೆ. ಆಮೇಲೆ ನೀರು ಹೋಗುವ ತೂತುಗಳ ಒಳಗೆ ಮೊಬೈಲ್ ಟಾರ್ಚು ಹಾಕಿ ನೋಡಿದೆ. ಕೂರುವ ಜಾಗದ ಕೆಳಗಿನ ತೂತಿನಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಅದು ನಿಮ್ಮ ಭಾರಕ್ಕೆ ಬಾಯಿ ಬಿಡುತ್ತದೆ. ಇನ್ನೊಂದನ್ನು ಹಾಗೆ ಬಿಟ್ಟೆ. "ಸ್ವಲ್ಪ ಅಂಟು ಹಾಕಿದರೆ ಆಯ್ತು ಸರ್" ಎಂದರು ಅವರು. ಆಗುವುದಿಲ್ಲ. ಇದು ಪಾಲಿಥೀನ್ ಜಾತಿಯ ಪ್ಲಾಸ್ಟಿಕ್. ಇದಕ್ಕೆ ಅಂಟು, ಎಪಾಕ್ಸಿ ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿಯೇ ಬೆಸೆಯಬೇಕು. ನಮ್ಮ ಸಿಂಟೆಕ್ಸ್ ಟ್ಯಾಂಕ್ ಒಡೆದಾಗ ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬಂತು.

ಕೊನೆಗೆ ಉಳಿದವುಗಳಲ್ಲಿ ಒಂದನ್ನು ನೀರಿಗೆ ಇಳಿಸಿ, ನಾನೂ ಗೆಳೆಯನೂ ಅದರ ಮೇಲೆ ಅರ್ಧ ಗಂಟೆ ಕೂತೆವು. ಮೇಲೆ ತಂದು ಹಿಂದಿನ ಬಿರಡೆ ತೆಗೆದು ಎತ್ತಿದರೆ ಒಂದು ಲೋಟದಷ್ಟು ನೀರು ಬಂತು. ಅಷ್ಟು ಪರವಾಗಿಲ್ಲ. ಬಕೆಟ್ಟು ತುಂಬಿದ್ದರೆ ವಾಪಸು ಬರುತ್ತಿದ್ದೆ. ಕಿತ್ತಳೆ ಬಣ್ಣ ಬಿಸಿಲಿಗೆ ಬಿಳಿಚಿ ಹಳೇ ಲುಂಗಿಯ ಹಾಗೆ ಆಗಿತ್ತು. ಸೀಟು ಹರಿದಿತ್ತು. ಅವರು 25 ಸಾವಿರ ಅಂದರು, ನಾನು 15 ಅಂದೆ. ಹುಟ್ಟು ಎರಡು ಸೇರಿಸಿ 18 ಸಾವಿರಕ್ಕೆ ಮುಗಿಯಿತು.

ಈಗ ಅಳತೆ. ಉದ್ದ 12 ಅಡಿ, ಅಗಲ 82 ಸೆಂಟಿಮೀಟರ್, ಇಬ್ಬರು ಕೂರುವಂಥದ್ದು. ತೂಕ 32 ಕೆಜಿ. ಇದನ್ನು ನಮ್ಮ ಸೊಸೈಟಿಯ ಅಕ್ಕಿ ತೂಗುವ ತಕ್ಕಡಿಯಲ್ಲೇ ನೋಡಿದ್ದು, ಅಧ್ಯಕ್ಷರಿಗೆ ಹೇಳಬೇಡಿ. ಅಗಲ ಇದ್ದರೆ ನಿಧಾನ, ಆದರೆ ಅಲುಗಾಟ ಕಡಿಮೆ. ಮೀನು ಹಿಡಿಯುವವನಿಗೆ ಓಟ ಬೇಡ, ಪಕ್ಕಕ್ಕೆ ತಿರುಗಿ ಬಲೆಗೆ ಕೈ ಹಾಕಿದಾಗ ಮಗುಚದಿದ್ದರೆ ಸಾಕು. 75 ಸೆಂಟಿಮೀಟರಿಗಿಂತ ಕಡಿಮೆ ಅಗಲದ್ದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಭಾರದ ಲೆಕ್ಕದಲ್ಲೂ ಕಂಪನಿ ಬರೆದದ್ದರ ಮೂರರಲ್ಲಿ ಎರಡು ಪಾಲು ಮಾತ್ರ ನಂಬಿ. ನಾನು 84 ಕೆಜಿ, ಸಾಮಾನು 12. 120 ಕೆಜಿ ಎಂದು ಬರೆದ ಕಯಾಕು ನನ್ನನ್ನು ಮುಳುಗಿಸುವುದಿಲ್ಲ, ಆದರೆ ಕೂರುವ ಜಾಗದ ತೂತುಗಳಿಂದ ನೀರು ಮೇಲೆ ಬಂದು ಇಡೀ ದಿನ ಚಡ್ಡಿ ಒದ್ದೆ.

ಒಂದು ತೊಂದರೆಯನ್ನು ನಾನು ಯೋಚಿಸಿರಲಿಲ್ಲ. ಇಬ್ಬರ ಕಯಾಕಿನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತರೆ ಮೂತಿ ಮೇಲೆ ಏಳುತ್ತದೆ. ಗಾಳಿ ಬಂದರೆ ಆ ಮೂತಿಯನ್ನು ಹಿಡಿದು ತಿರುಗಿಸುತ್ತದೆ. ಮೊದಲ ದಿನ ಹೊಳೆ ಮಧ್ಯೆ ಗಿರಗಿರ ಸುತ್ತಿದೆ, ದಂಡೆಯಲ್ಲಿದ್ದ ಹುಡುಗರು ಶಿಳ್ಳೆ ಹೊಡೆದರು. ಈಗ ಮುಂದೆ ಮೀನಿನ ಐಸ್ ಡಬ್ಬಿ ಮತ್ತು ನೀರು ತುಂಬಿದ 10 ಲೀಟರ್ ಕ್ಯಾನು ಕಟ್ಟುತ್ತೇನೆ. ಸಮ ಆಯಿತು.

ಎರಡನೇ ತೊಂದರೆ ಹೊರುವುದು. ಇದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. 32 ಕೆಜಿ ಹೊತ್ತು ಗದ್ದೆ ಬದಿಯಲ್ಲಿ ನಡೆಯಲು ಆಗುವುದಿಲ್ಲ. ಎಳೆದರೆ ತಳ ಸವೆಯುತ್ತದೆ. ಮಗನ ಹಳೇ ಸೈಕಲ್ಲಿನ ಎರಡು ಚಕ್ರ, ಪಿವಿಸಿ ಪೈಪು, ಹಳೇ ಟ್ಯೂಬು ಸೇರಿಸಿ ಒಂದು ಗಾಡಿ ಮಾಡಿಕೊಂಡೆ. ಖರ್ಚು 900 ರೂಪಾಯಿ. ನಿಮ್ಮ ಮನೆಯಿಂದ ನೀರಿಗೆ ದಾರಿ ಹೇಗಿದೆ ಎಂದು ಮೊದಲು ನಡೆದು ನೋಡಿ, ಆಮೇಲೆ ಕಯಾಕ್ ನೋಡಿ. ಹೊರುವುದು ಕಷ್ಟವಾದರೆ ಎಂಥ ಒಳ್ಳೆಯ ಕಯಾಕೂ ಮೂರು ತಿಂಗಳಲ್ಲಿ ಕೋಳಿ ಮಲಗುವ ಜಾಗ ಆಗುತ್ತದೆ.

ಗಾಳದ ಕೋಲು ನಿಲ್ಲಿಸಲೂ ಪಿವಿಸಿ ಪೈಪೇ. ಹುಟ್ಟಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಅಗಲದ ಕಯಾಕಿಗೆ 230 ಸೆಂಟಿಮೀಟರ್ ಇರಲಿ, ಇಲ್ಲದಿದ್ದರೆ ಗೆಣ್ಣು ಬದಿಗೆ ತಾಗುತ್ತದೆ.

ದುಡ್ಡು ಉಳಿಸಬಾರದ ಜಾಗ ಒಂದೇ, ಲೈಫ್ ಜಾಕೆಟ್. ಬಾಡಿಗೆಯವರ ಹಳೇ ಜಾಕೆಟ್ಟು ಪುಕ್ಕಟೆ ಕೊಡುತ್ತೇವೆ ಅಂದರು, ಬೇಡ ಅಂದೆ. ನೀರು ಕುಡಿದ ಫೋಮು ಯಾರನ್ನು ತೇಲಿಸುತ್ತದೆ? ಡೆಕಾತ್ಲಾನ್ ಅಂಗಡಿಯಿಂದ 50 ನ್ಯೂಟನ್‌ನದ್ದು (ತೇಲಿಸುವ ಬಲದ ಅಳತೆ) ಹೊಸದು ತಂದೆ. ಈಜು ಬರುವವರಿಗೆ, ದಂಡೆ ಹತ್ತಿರ ಇರುವ ನೀರಿಗೆ ಅದು ಸರಿ. ಈಜು ಬಾರದವರು 100ರದ್ದು ಕೊಳ್ಳಬೇಕು.

ಇನ್ನು ನೀರು. ನಮ್ಮ ಹೊಳೆ ಕೆರೆ ಅಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಎಳೆತ ಜೋರು, ಅಷ್ಟಮಿ ಹೊತ್ತಿಗೆ ಮೆತ್ತಗೆ. ನಾನು ಕ್ಯಾಲೆಂಡರ್ ನೋಡುವುದು ರಜೆಗಲ್ಲ, ತಿಥಿಗೆ. ಭರತ ಏರುವಾಗ ಮೇಲಕ್ಕೆ ಹೋಗಿ, ಇಳಿಯುವಾಗ ಅದರ ಜೊತೆ ಮನೆಗೆ ಬರುತ್ತೇನೆ. ಹುಣ್ಣಿಮೆಯ ಇಳಿತದಲ್ಲಿ ಹೆದ್ದಾರಿ ಸೇತುವೆ ದಾಟಿ ಕೆಳಗೆ ಹೋಗುವುದಿಲ್ಲ. ಆಮೇಲೆ ಅಳಿವೆ, ಬಂದರಿನ ಬೋಟುಗಳ ಅಲೆ. ಲಂಗರು ಹಾಕುವುದಾದರೆ ಹಗ್ಗ ಮೂತಿಗೋ ಬಾಲಕ್ಕೋ ಇರಲಿ. ಪಕ್ಕಕ್ಕೆ ಕಟ್ಟಿ ಹರಿವಿನಲ್ಲಿ ನಿಲ್ಲಿಸಿದರೆ ನೀರೇ ಮಗುಚಿ ಹಾಕುತ್ತದೆ. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟಿಗೆ ಕಡಲಲ್ಲಿ ನಿಷೇಧ. ಹುಟ್ಟಿನ ದೋಣಿಗೆ ಅದು ಇಲ್ಲ. ಆದರೂ ಕೆಂಪು ನೀರು ಹರಿಯುವ ಆ ದಿನಗಳಲ್ಲಿ ನನ್ನ ಕಯಾಕು ಮಾಡಿನಿಂದ ಇಳಿಯುವುದಿಲ್ಲ.

ಮೀನು ಸಿಕ್ಕಿತಾ? ಹೊಯಿಗೆ ತಳದ ಜಾಗದಲ್ಲಿ ಸಿಗಡಿ ಚುಚ್ಚಿ ಬಿಟ್ಟರೆ ಕಾಣೆ ಸಿಗುತ್ತದೆ. ಒಂದು ಭಾನುವಾರ ಹದಿನೇಳು. ಕೆಂಬೇರಿ ಮಾತ್ರ ಬೇರೆ ಜಾತಿ. ಕಚ್ಚಿದ ಕೂಡಲೇ ಕಾಂಡ್ಲಾ ಬೇರಿನೊಳಗೆ ನುಗ್ಗುತ್ತದೆ. ದಂಡೆಯ ಮೇಲಾದರೆ ಕಾಲು ಊರಿ ಎಳೆಯಬಹುದು, ಕಯಾಕಿನಲ್ಲಿ ಊರಲು ಏನೂ ಇಲ್ಲ. ಮೀನಿನ ಜೊತೆ ನಾನೂ ಕಾಂಡ್ಲಾ ಒಳಗೆ ಹೋದೆ, ದಾರ ತುಂಡಾಯಿತು, ಕೊಂಬೆ ತಾಗಿ ಕನ್ನಡಕ ಹೊಳೆಗೆ ಬಿತ್ತು. ಆವತ್ತು ಬರಿಗೈಯಲ್ಲಿ ಬಂದು ಪೇಟೆಯಿಂದ ಬಂಗುಡೆ ತಂದದ್ದನ್ನು ನನ್ನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ.

ಹೊಸದೇ ಬೇಕು ಅನ್ನುವವರು ಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಇಂಥ ಚಿಪ್ಪು ಕಲ್ಲಿನ ಹೊಳೆಗೆ, 20 ಸಾವಿರದ ಒಳಗೆ, ನನ್ನ ಮತ ಬಾಡಿಗೆಯಲ್ಲಿ ಸವೆದ ಗಟ್ಟಿ ಕಯಾಕಿಗೇ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಸಾಮಾನಿನ ಡಬ್ಬಿಯ ಮುಚ್ಚಳಕ್ಕೆ. ಅದರ ರಬ್ಬರು ಹೋಗಿದೆ, ಆ ಅಳತೆಯದ್ದು ಎಲ್ಲೂ ಸಿಗುತ್ತಿಲ್ಲ. ಸದ್ಯಕ್ಕೆ ಕುಕ್ಕರಿನ ಹಳೇ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದ್ದೇನೆ. ಮೊನ್ನೆ ಅದೇ ಅಜ್ಜ ಬಂದು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿ, "ಈಗ ಸಮ ಆಯ್ತ್ ಕಾಣಿ" ಅಂದರು. ಆಮೇಲೆ ಎರಡು ಕಾಣೆ ಕೇಳಿ ತೆಗೆದುಕೊಂಡು ಹೋದರು.