ಕ್ಯೋಟೋದ ಗಿಯೋನ್ ಹಬ್ಬದ ಟೂರ್: ತೇರು ತೋರಿಸ್ತಾರೆ, ದೇವ್ರನ್ನ ನಾವೇ ಕೇಳಿ ನೋಡ್ಬೇಕು

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನವ್ರು, ಸಂಘದವ್ರು ಎಲ್ಲ ಜಪಾನ್ ಟೂರ್ ಹೇಗಿತ್ತು ಅಂತ ಕೇಳ್ತಾನೇ ಇದ್ದಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ಹೋಗಿದ್ದು ನಾನು, ನಮ್ಮೆಜಮಾನ್ರು, ಅಮ್ಮ. ಮುಂಬೈಯಿಂದ ಗ್ರೂಪ್ ಟೂರ್, ಗಿಯೋನ್ ಅನ್ನೋ ತೇರಿನ ಹಬ್ಬ ನೋಡೋಕೆ ಕ್ಯೋಟೋದಲ್ಲಿ ಜುಲೈ 16ರಿಂದ ಐದು ರಾತ್ರಿ. ಕಂಪನಿ ಹೆಸರು ಬೇಡ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಆ ಒಂದು ಯಾಕೆ ಕಟ್ ಮಾಡಿದೆ ಅಂತ ಕೆಳಗೆ ಹೇಳ್ತೀನಿ.

ಮೊದಲು ಚೆನ್ನಾಗಿದ್ದಿದ್ದು. ಲೋಕಲ್ ಗೈಡ್ ಒಬ್ಬ ವಯಸ್ಸಾದ ಹೆಂಗಸು, ಅವರಿಗೇ ಅರ್ಧ ಮಾರ್ಕ್ಸ್. 16ನೇ ತಾರೀಖು ರಾತ್ರಿ, ಅಂದ್ರೆ ಯೋಯಿಯಾಮಾ, ಮೆರವಣಿಗೆಯ ಹಿಂದಿನ ದಿನ, ರೋಡೆಲ್ಲ ಗಾಡಿ ಬಂದ್ ಮಾಡಿ ತೇರುಗಳಿಗೆ ಲಾಂದ್ರ ಹಚ್ಚಿರ್ತಾರೆ, ಮುಂಬೈ ಲಾಲ್‌ಬಾಗ್ ಗಣಪತಿ ಟೈಮಲ್ಲಿ ಇರೋ ಥರಾನೇ ಜನ. ಅವರು ನಮ್ಮನ್ನ ಒಂದು ತೇರಿನ ಬುಡಕ್ಕೆ ಕರ್ಕೊಂಡು ಹೋಗಿ ಹಗ್ಗ ಕಟ್ಟಿರೋದು ತೋರಿಸಿದ್ರು. ಮೊಳೆ ಹೊಡೆಯಲ್ಲ, ಮರದ ಚೌಕಟ್ಟನ್ನ ಪೂರ್ತಿ ಭತ್ತದ ಹುಲ್ಲಿನ ಹಗ್ಗದಲ್ಲೇ ಸುತ್ತಿ ಸುತ್ತಿ ಬಿಗೀತಾರೆ, ದೊಡ್ಡ ತೇರು ಅಂದ್ರೆ ಸುಮಾರು 12 ಟನ್, ತುದಿ ತನಕ 25 ಮೀಟರ್ ಹತ್ರ. ಹತ್ರ ಹೋದ್ರೆ ಹುಲ್ಲಿನ ವಾಸನೆ, ಅಮ್ಮ ಮೂಗು ಹತ್ರ ಹಿಡಿದು "ನಮ್ಮ ಮನೆ ತಿರಿ ಕಟ್ಟಿದ ಹಾಗೆ ಉಂಟಲ್ಲ" ಅಂದ್ರು (ತಿರಿ ಅಂದ್ರೆ ಹುಲ್ಲಿನ ಹಗ್ಗ ಸುತ್ತಿ ಕಟ್ಟೋ ಭತ್ತದ ಕಣಜ). ಒಂದೊಂದು ತೇರೂ ಒಂದೊಂದು ಕೇರಿಯವ್ರದ್ದು, ಖರ್ಚು, ರಿಪೇರಿ, ವಾದ್ಯ ಕಲಿಸೋದು ಎಲ್ಲ ಆ ಕೇರಿಯವ್ರದ್ದೇ ಜವಾಬ್ದಾರಿ. ಮುಂಬೈಯಲ್ಲಿ ಗಲ್ಲಿಗೊಂದು ಮಂಡಲ ನೋಡಿ ಬೆಳೆದ ನಮಗೆ ಅದನ್ನ ಬಿಡಿಸಿ ಹೇಳೋದೇ ಬೇಕಾಗಿರ್ಲಿಲ್ಲ.

17ರ ಬೆಳಿಗ್ಗೆ 23 ತೇರು ಹೊರಡುತ್ತೆ. ಇನ್ನು 11 ತೇರು 24ಕ್ಕೆ, ಅದು ನಮ್ಮ ಟೂರಲ್ಲಿ ಇರ್ಲಿಲ್ಲ. ಕಂಪನಿಯವ್ರು ಓಯಿಕೆ ರಸ್ತೆಯಲ್ಲಿ ಟಿಕೆಟ್ ಸೀಟ್ ಬುಕ್ ಮಾಡಿದ್ರು, ಆದ್ರೆ ಗೈಡ್ "ಕೂತ್ರೆ ತಿರುಗಿಸೋದು ಕಾಣಲ್ಲ" ಅಂತ ನಮ್ಮನ್ನೆಲ್ಲ ಕವಾರಾಮಾಚಿ ಮೂಲೆಗೆ ನಿಲ್ಲಿಸಿದ್ರು, ಅದಕ್ಕೆ ಅವರಿಗೆ ನೂರು ನಮಸ್ಕಾರ. ಆ ಗಾಲಿಗಳು ತಿರುಗಲ್ಲ, ನೇರ ಮಾತ್ರ ಹೋಗೋದು. ಮೂಲೆ ಬಂದ ಕೂಡ್ಲೆ ಸೀಳಿದ ಬಿದಿರು ತಂದು ಮುಂದಿನ ಗಾಲಿಗಳ ಕೆಳಗೆ ಹಾಸ್ತಾರೆ, ಬಕೆಟ್ಟಲ್ಲಿ ನೀರು ಹೊಯ್ದು ಜಾರೋ ಹಾಗೆ ಮಾಡ್ತಾರೆ, ಹಗ್ಗ ಪಕ್ಕಕ್ಕೆ ಎಳ್ಕೊಂಡು ಹೋಗಿ ಹಿಡೀತಾರೆ, ಮುಂದೆ ನಿಂತವ್ರು ಬೀಸಣಿಗೆ ಎತ್ತಿ ಕೂಗಿದ್ದೇ ತಡ ಎಲ್ಲ ಒಟ್ಟಿಗೆ ಎಳೆದ್ರೆ ಆ ಗೋಪುರ ಕಿರ್ರ್ ಅಂತ ಒಂದಿಷ್ಟು ತಿರುಗುತ್ತೆ, ಮತ್ತೆ ನೀರು, ಮತ್ತೆ ಕೂಗು. ಮೂರ್ನಾಲ್ಕು ಸಲ ಎಳೆದ ಮೇಲೆ ಪೂರ್ತಿ ತಿರುಗಿದಾಗ ಸುತ್ತ ಇದ್ದವ್ರೆಲ್ಲ ಚಪ್ಪಾಳೆ. ಮೇಲೆ ಕೂತ ಕೊಳಲು, ಜಾಗಟೆಯವ್ರು ನಿಲ್ಲಿಸೋದೇ ಇಲ್ಲ. ಉಡುಪಿ ರಥಬೀದಿಯಲ್ಲಿ ಹುಟ್ಟಿ ಬೆಳೆದ ಅಮ್ಮನ ಕಣ್ಣಲ್ಲಿ ನೀರು ಬಂತು, ನನಗೂ.

ಈಗ ಆ ಒಂದು ಸ್ಟಾರ್ ವಿಷಯ. ಏಳೆಂಟು ತೇರು ಆಗೋಷ್ಟರಲ್ಲಿ ಟೂರ್ ಮ್ಯಾನೇಜರ್ ಊಟ, ಶಾಪಿಂಗ್ ಅಂತ ಹೊರಡಿಸಿಬಿಟ್ರು, ಸಂಜೆಗೆ ಮಾಲ್ ಇಟ್ಟಿದ್ರು. ಗೈಡ್ ಮೆಲ್ಲಗೆ ಅಮ್ಮನ ಹತ್ರ ಬಂದು, ಈ ತೇರುಗಳು ಇರೋದು ದೇವ್ರ ದಾರಿ ಶುದ್ಧ ಮಾಡೋಕೆ, ದೇವ್ರು ಯಾಸಾಕಾ ಗುಡಿಯಿಂದ ಹೊರಡೋದು ಸಂಜೆ ಅಂತ ಹೇಳಿದ್ರು. "ದೇವ್ರನ್ನೇ ನೋಡದೆ ತೇರು ಮಾತ್ರ ನೋಡಿ ಬರೋದಾ?" ಅಂತ ಅಮ್ಮ ಹಟ ಹಿಡಿದ್ರು. ಮಾಲ್ ಬಿಟ್ಟು ನಾವು ಮೂರು ಜನ ನಡ್ಕೊಂಡೇ ಹೋದ್ವಿ. ಸುಸಾನೋ ದೇವ್ರಿಗೆ ಒಂದು, ಹೆಂಡತಿಗೆ ಒಂದು, ಎಂಟು ಮಕ್ಕಳಿಗೆ ಸೇರಿ ಒಂದು, ಹೀಗೆ ಮೂರು ಮಿಕೋಶಿ, ಅಂದ್ರೆ ಚಿನ್ನದ ಬಣ್ಣದ ಪಲ್ಲಕ್ಕಿ. ಬಿಳಿ ಬಟ್ಟೆ ಹಾಕಿದ ನೂರಾರು ಗಂಡಸರು "ಹೊಯ್ತೋ ಹೊಯ್ತೋ" ಅಂತ ಎತ್ತಿ ಕುಣಿಸ್ತಾರೆ. ಆಮೇಲೆ ಒಂದು ವಾರ ಪೇಟೆ ಮಧ್ಯದ ಕಟ್ಟೆಯಲ್ಲಿ ಕೂರಿಸಿ 24ಕ್ಕೆ ವಾಪಸ್. ಇಷ್ಟು ದೊಡ್ಡದನ್ನ ಪ್ರೋಗ್ರಾಮಲ್ಲಿ ಒಂದು ಸಾಲೂ ಹಾಕಿಲ್ಲ ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಯ್ತು.

ಯಾಕಂದ್ರೆ ಹಬ್ಬದ ಕತೆಯೇ ಅದು. 869ರಲ್ಲಿ ಊರೆಲ್ಲ ಸಾಂಕ್ರಾಮಿಕ ರೋಗ, ದೇಶದಲ್ಲಿದ್ದ 66 ಪ್ರಾಂತ್ಯಕ್ಕೆ ಒಂದೊಂದರಂತೆ 66 ಈಟಿ ನೆಟ್ಟು ಪೂಜೆ ಮಾಡಿದ್ರಂತೆ. ಆಗಿನ ದೇವ್ರು ಗೋಜು ತೆನ್ನೋ, ಎತ್ತಿನ ತಲೆಯ ದೇವ್ರು, ಜೇತವನವನ್ನ ಕಾಯೋನು. ಹೌದು, ಶ್ರಾವಸ್ತಿಯ ಬುದ್ಧನ ಜೇತವನವೇ, ಗಿಯೋನ್ ಅನ್ನೋ ಹೆಸರು ಬಂದಿದ್ದೇ ಅದರಿಂದ. 1868ರಲ್ಲಿ ಸರ್ಕಾರ ಬೌದ್ಧ, ಶಿಂತೋ ಬೇರೆ ಮಾಡಿದಾಗ ಗುಡಿಗೆ ಯಾಸಾಕಾ ಅಂತ, ದೇವ್ರಿಗೆ ಸುಸಾನೋ ಅಂತ ಹೆಸರು ಬದಲಾಯಿಸಿದ್ರು. ರೋಗ ಕಳೆಯೋಕೆ ಮಾಡೋ ಹಬ್ಬ ಅಂತ ಕೇಳಿ ಅಮ್ಮ "ನಮ್ಮ ಕಾಪುವಿನ ಮಾರಿಯಮ್ಮನ ಮಾರಿ ಹಬ್ಬದ ಹಾಗೆಯೇ" ಅಂದ್ರು, ನನಗೂ ಹಾಗೇ ಅನಿಸ್ತು. ತೇರುಗಳನ್ನೂ ಮೆರವಣಿಗೆ ಮುಗಿದ ಕೂಡ್ಲೆ ಬಿಚ್ಚಿ ಹಾಕ್ತಾರೆ, ದಾರಿಯ ಪೀಡೆ ಎಲ್ಲ ಅದಕ್ಕೆ ಅಂಟಿರುತ್ತೆ ಅಂತ ನಂಬಿಕೆ.

21ಕ್ಕೆ ಹೊರಡೋ ಬೆಳಿಗ್ಗೆ ತೋಜಿ ದೇವಸ್ಥಾನದ ಸಂತೆ ತೋರಿಸಿದ್ರು, ಅದು ಬೋನಸ್. ಈ ದೇವಸ್ಥಾನದ ಬೌದ್ಧ ಗುರು ಕೂಕಾಯ್ ತೀರಿಕೊಂಡಿದ್ದು 835ರಲ್ಲಿ 21ನೇ ತಾರೀಖು, ಅದಕ್ಕೆ ಪ್ರತಿ ತಿಂಗಳು 21ಕ್ಕೆ ಸಂತೆ. ಒಳಗೆ ಆನೆ ಮೇಲೆ ಕೂತ ಇಂದ್ರ, ಹಂಸಗಳ ಮೇಲೆ ಬ್ರಹ್ಮ, ಅಮ್ಮ ಕೈ ಮುಗಿದ್ಕೊಂಡೇ ನಿಂತುಬಿಟ್ರು.

ಊಟ: ಸಾರಿನಲ್ಲೆಲ್ಲ ದಾಶಿ, ಅಂದ್ರೆ ಮೀನಿನ ರಸ ಇರುತ್ತೆ, ವೆಜ್ ಅಂದ್ರೂ ಕೇಳಿ ತಿನ್ನಿ. ಮಠದ ಊಟ ಒಂದು ದಿನ ಕೊಟ್ರು, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಅದು ಚೆನ್ನಾಗಿತ್ತು. ಸೆಕೆ ಮಾತ್ರ ಮಳೆ ಬರೋ ಮುಂಚಿನ ಮುಂಬೈ ಥರಾನೇ, ಟೋಪಿ, ನೀರು ಇಟ್ಕೊಳ್ಳಿ.

ಬುಕ್ ಮಾಡೋರು 17ರ ಸಂಜೆ ಫ್ರೀ ಬಿಡ್ತೀರಾ ಅಂತ ಮೊದಲೇ ಬರೆಸ್ಕೊಳ್ಳಿ. ತೇರಿನ ಹತ್ರ ಚಿಮಾಕಿ ಮಾರ್ತಾರೆ, ಬಿದಿರಿನ ಥರದ ಎಲೆ ಸುತ್ತಿ ಕಟ್ಟಿದ್ದು, ತಿನ್ನೋದಲ್ಲ, ರೋಗ ಬರದ ಹಾಗೆ ಬಾಗಿಲಿಗೆ ಕಟ್ಟೋದು, ಒಂದು ವರ್ಷ ಇಟ್ಟು ಮುಂದಿನ ಹಬ್ಬಕ್ಕೆ ಹೊಸದು ತರ್ತಾರಂತೆ. ನಮ್ಮದು ಡೊಂಬಿವಲಿ ಮನೆ ಬಾಗಿಲಲ್ಲಿ ಮಾವಿನ ತೋರಣದ ಪಕ್ಕದಲ್ಲೇ ಇದೆ, ಅಮ್ಮ ಈಗ್ಲೇ ಮುಂದಿನ ಜುಲೈಗೆ 24ರ ತನಕ ಇರೋ ಟೂರ್ ಯಾವುದಿದೆ ನೋಡು ಅಂತಿದ್ದಾರೆ.